ಆಪತ್ತಿಗೆಂದು ಇಟ್ಟ ಪೆಟ್ರೋಲು

ಕಿಟ್ಟಣ್ಣ ಕಾರಿನ ಕೀಲಿ ತಿರುಗಿಸಿದನೆಂದರೆ ಮುಂಬಯಿ ಹೊರವಲಯದ ಟಿಟ್ವಾಳಾದ ಆ ವಸತಿ ಸೊಸೈಟಿಯಲ್ಲಿ ಯಾರಿಗೂ ಅಲಾರಾಂ ಬೇಕಿರಲಿಲ್ಲ. ಕಾರು ಗಡಗಡ ನಡುಗಿ, ಕೆಮ್ಮಿ, ಇನ್ನೇನು ನಿಂತಿತು ಅನ್ನುವಾಗ ಅವನು ಆಕ್ಸಿಲರೇಟರ್ ಒತ್ತಿ ಹಿಡಿಯುತ್ತಿದ್ದ. ಕಾಲು ತೆಗೆದರೆ ಮುಗಿಯಿತು. ಹತ್ತು ನಿಮಿಷ ಹೀಗೆ ಅರಚಿಸಿದ ಮೇಲೆ ಎಂಜಿನ್ನು ಬಿಸಿಯಾಗಿ, ಪೆಟ್ರೋಲು ಬಿಟ್ಟು ಸಿಎನ್‌ಜಿ ಗ್ಯಾಸಿಗೆ ಹೊರಳಿ ಶಾಂತವಾಗುತ್ತಿತ್ತು. ಅಷ್ಟು ಹೊತ್ತೂ ಹೆಂಡತಿ ಉಮಾವತಿ ಹಿಂದಿನ ಸೀಟಿನಲ್ಲಿ ಮುಖಕ್ಕೆ ಸೆರಗು ಹಿಡಿದು ಕೂತಿರುತ್ತಿದ್ದಳು. ಮಂಗಳವಾರ, ಗುರುವಾರ, ಶನಿವಾರ ಬೆಳಗ್ಗೆ ಆರಕ್ಕೆ ಕಲ್ಯಾಣದ ಆಸ್ಪತ್ರೆಯಲ್ಲಿ ಅವಳಿಗೆ ಡಯಾಲಿಸಿಸ್.

ಇದು ಎರಡು ಸಾವಿರದ ಹದಿನಾಲ್ಕರ ಮಳೆಗಾಲದ ಮಾತು. ಒಂದು ಶನಿವಾರ ಕಾರು ಎಷ್ಟು ತಿಣುಕಿದರೂ ಸ್ಟಾರ್ಟ್ ಆಗದೆ ಸರದಿ ತಪ್ಪಿತು. ಭಾನುವಾರ ಉಮಾವತಿಯ ಮುಖ ಊದಿತು. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೊರಗಿ ಕೂತೇ ಇದ್ದಳು. ಸೋಮವಾರ ಆಂಬುಲೆನ್ಸಿನಲ್ಲಿ ಒಯ್ದಾಗ ಡಾಕ್ಟರು ನೇರವಾಗಿಯೇ ಹೇಳಿದರು, ಇನ್ನೊಂದು ಸಲ ತಪ್ಪಿದರೆ ಉಳಿಸುವುದು ಕಷ್ಟ ಎಂದು. ಮಂಗಳವಾರದ ಸರದಿಯನ್ನೂ ಅಲ್ಲೇ ಮುಗಿಸಿ ಮನೆಗೆ ಕಳಿಸಿದರು. ಲೋಕಲ್ ರೈಲು ಹತ್ತಿಸಿ ನೋಡಿದ್ದಾಗಿತ್ತು, ನೂಕುನುಗ್ಗಲಿನಲ್ಲಿ ಬಿದ್ದಿದ್ದಳು. ರಿಕ್ಷಾದ ಕುಲುಕಾಟಕ್ಕೆ ಬವಳಿ ಬರುತ್ತಿತ್ತು. ಉಳಿದದ್ದು ಈ ದರಿದ್ರ ಕಾರೊಂದೇ.

ಕಿಟ್ಟಣ್ಣನಿಗೆ ಹೆದರಿಕೆಯಾಯಿತು. ಹೆದರಿದವನು ಕಂಡಕಂಡವರ ಮಾತು ಕೇಳುತ್ತಾನೆ. ಒಬ್ಬ ಪ್ಲಗ್ಗು ಎಂದ, ಬದಲಾಯಿಸಿದ. ಇನ್ನೊಬ್ಬ ಕಾಯಿಲ್ ಎಂದ, ಅದೂ ಆಯಿತು. ಏರ್ ಫಿಲ್ಟರ್ ಆಯಿತು, ಗ್ಯಾಸಿನ ಕಿಟ್ಟನ್ನು ಬಿಚ್ಚಿ ಕಟ್ಟಿದ್ದಾಯಿತು, ಗಣಪತಿಗೆ ತೆಂಗಿನಕಾಯಿಯೂ ಆಯಿತು. ಕಾರು ಮಾತ್ರ ನಡುಗುವುದನ್ನು ಬಿಡಲಿಲ್ಲ.

ಬುಧವಾರ ಹತ್ತಿರದ ಶಹಾಡಿನಿಂದ ಬಾಲಪ್ಪ ಬಂದ. ಗದಗಿನ ಕಡೆಯ ಮೆಕ್ಯಾನಿಕ್. ಬಂದವನು ಬಾನೆಟ್ಟನ್ನೂ ಎತ್ತದೆ ಕೇಳಿದ, "ಗ್ಯಾಸಿಗೆ ಬಂದ ಮ್ಯಾಲೂ ನಡುಗತೈತೇನ್ರೀ?"

"ಇಲ್ಲ ಮಾರಾಯ, ಮತ್ತೆ ಬೆಣ್ಣೆಯ ಹಾಗೆ ಓಡ್ತದೆ."

"ಹಂಗಿದ್ರ ಪ್ಲಗ್ಗು, ಕಾಯಿಲ್ಲು ಎಲ್ಲಾ ಛಲೋ ಅದಾವ. ಗ್ಯಾಸ್ ಸುಡೂದೂ ಅದ ಪ್ಲಗ್ಗು, ಪೆಟ್ರೋಲ್ ಸುಡೂದೂ ಅದ ಪ್ಲಗ್ಗು. ಪೆಟ್ರೋಲ್ ಯಾವಾಗ ಹಾಕ್ಸಿದ್ರಿ?"

ಕಿಟ್ಟಣ್ಣ ಬೆರಳು ಮಡಚಿ ಲೆಕ್ಕ ಹಾಕಿದ. ಹಾಕಿಸಿ ಎರಡು ವರ್ಷದ ಮೇಲಾಗಿತ್ತು. ಎರಡು ಸಾವಿರದ ಐದರ ಮಹಾಮಳೆಯಲ್ಲಿ ಗ್ಯಾಸ್ ಸಿಗದೆ ಠಾಣೆ ನಗರದಲ್ಲಿ ಎರಡು ದಿನ ಸಿಕ್ಕಿಬಿದ್ದು, ಮನೆಯಲ್ಲಿ ಉಮಾವತಿ ಏನಾದಳೋ ಎಂದು ಒದ್ದಾಡಿದವನು ಅವನು. ಅಂದಿನಿಂದ ಟ್ಯಾಂಕಿನ ಪೆಟ್ರೋಲು ಆಪತ್ತಿಗೆ ಇರಲಿ ಎಂದು, ಗ್ಯಾಸಿನ ಸ್ವಿಚ್ ಒತ್ತಿ ಹಿಡಿದು ಸೀದಾ ಗ್ಯಾಸಿನಲ್ಲೇ ಸ್ಟಾರ್ಟ್ ಮಾಡುತ್ತಿದ್ದ. ಈ ಮಳೆಗೆ ಸ್ವಿಚ್ ಕೆಟ್ಟಿತು. ಆಮೇಲೆ ಕಾರು ಪೆಟ್ರೋಲಿನಲ್ಲೇ ಸ್ಟಾರ್ಟ್ ಆಗತೊಡಗಿತು. ನಡುಕ ಶುರುವಾದದ್ದೂ ಆಗಲೇ.

ಬಾಲಪ್ಪ ಪೈಪು ಬಿಚ್ಚಿ ಪೆಟ್ರೋಲನ್ನು ಬಾಟಲಿಗೆ ಇಳಿಸಿದ. ಕಡು ಚಹಾದ ಬಣ್ಣ, ಮೂಗಿಗೆ ಹೊಡೆಯುವ ಹಳಸು ವಾಸನೆ. ಕಾರ್ಕಳದಿಂದ ಹದಿನಾಲ್ಕನೇ ವಯಸ್ಸಿಗೆ ಬಂದು ಡೊಂಬಿವಲಿಯ ಹೋಟೆಲಿನಲ್ಲಿ ರುಬ್ಬುವ ಕಲ್ಲಿನ ಮುಂದೆ ಬೆಳೆದವನು ಕಿಟ್ಟಣ್ಣ. ಈಗಲೂ ಅಂಗಡಿಗಳಿಗೆ ದೋಸೆಹಿಟ್ಟು ಹಂಚುವವನು, ಮೂರನೇ ದಿನದ ಹಿಟ್ಟನ್ನು ಮೂಸಿಯೂ ನೋಡದೆ ಚೆಲ್ಲುವವನು. ಪೆಟ್ರೋಲೂ ಹಳಸುತ್ತದೆಂದು ಅವನಿಗೆ ಹೊಳೆದೇ ಇರಲಿಲ್ಲ. ಅವಳನ್ನು ಕಾಯಲು ಇಟ್ಟದ್ದೇ ಅವಳ ಉಸಿರಿಗೆ ಕುತ್ತಾಗಿ ಬಂತಲ್ಲ ಎಂದು ಹಣೆ ಚಚ್ಚಿಕೊಂಡ.

ಟ್ಯಾಂಕು ತೊಳೆದು, ಜಿಡ್ಡುಗಟ್ಟಿದ್ದ ಇಂಜೆಕ್ಟರುಗಳನ್ನು ಬಿಚ್ಚಿ ಶುಚಿಮಾಡಿ, ಹೊಸ ಪೆಟ್ರೋಲು ಹಾಕುವಷ್ಟರಲ್ಲಿ ಸಂಜೆಯಾಯಿತು. ಬಾಲಪ್ಪ ಕೀಲಿ ತಿರುಗಿಸಿ, ತಾನು ಕುಡಿಯುತ್ತಿದ್ದ ಚಹಾದ ಗ್ಲಾಸನ್ನು ಎಂಜಿನ್ನಿನ ಮೇಲಿಟ್ಟ. ಚಹಾ ಅಲುಗಲಿಲ್ಲ.

ಗುರುವಾರ ಬೆಳಗ್ಗೆ ಕಿಟ್ಟಣ್ಣ ಹಬ್ಬಕ್ಕೆ ಹೊರಟವನಂತೆ ಇಳಿದು ಬಂದ. ಉಮಾವತಿಯನ್ನು ಹಿಂದೆ ಕೂರಿಸಿ, ಸ್ಟಾರ್ಟ್ ಮಾಡಿ, ಆಕ್ಸಿಲರೇಟರಿನಿಂದ ಕಾಲು ತೆಗೆದ. ಎಂಜಿನ್ನು ನಿಲ್ಲಲಿಲ್ಲ, ನಡುಗಲಿಲ್ಲ. ಆ ಅರಚಾಟ ಇಲ್ಲದ್ದರಿಂದ ಹಿಂದಿನಿಂದ ಬಿಕ್ಕುವುದು ಕೇಳಿಸಿತು.

"ಎಂತಾಯ್ತು? ನೋವುಂಟಾ?"

"ಸ್ಟಾರ್ಟ್ ಆಗುದು ಬೇಡ ದೇವರೇ ಅಂತ ದಿನಾ ಬೇಡಿಕೊಳ್ತಿದ್ದೆ," ಅಂದಳು. "ನನಗೆ ಸಾಕಾಗಿದೆ. ನೀವು ಅದನ್ನು ಅರಚಿಸುವಾಗ ಇಲ್ಲಿ ಕೂತು ಅತ್ತುಬಿಡ್ತಿದ್ದೆ. ನಿಮಗೆ ಕೇಳ್ತಿರಲಿಲ್ಲ."

ಕಿಟ್ಟಣ್ಣನಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಅವನಿಗೇ ತಿಳಿಯಲಿಲ್ಲ. ಐದೂಕಾಲಾಗುತ್ತಿತ್ತು. ಅವನು ಎಂಜಿನ್ನು ಆರಿಸದೆ ಇಳಿದು, ಹಿಂದಿನ ಬಾಗಿಲು ತೆಗೆದು ಅವಳ ಪಕ್ಕದಲ್ಲಿ ಕೂತ. ಇಷ್ಟು ದಿನ ಆಕ್ಸಿಲರೇಟರಿನಿಂದ ಕಾಲು ಕಿತ್ತು ಏಳುವ ಹಾಗೆಯೇ ಇರಲಿಲ್ಲ. ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ ಅವಳ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ತಾನೂ ಅತ್ತ. ಮುಂದೆ ಯಾರೂ ಇಲ್ಲದೆ, ನಿಂತ ಕಾರಿನ ಎಂಜಿನ್ನು ತನ್ನ ಪಾಡಿಗೆ ನಡೆಯುತ್ತಲೇ ಇತ್ತು.

"ಇವತ್ತು ಹೋಗುವ," ಎಂದಳು ಉಮಾವತಿ ಸೆರಗಿನಿಂದ ಅವನ ಮುಖ ಒರೆಸಿ. "ಶನಿವಾರಕ್ಕೆ ಮಾತು ಕೊಡುದಿಲ್ಲ."

ಕಿಟ್ಟಣ್ಣ ಆಗಲಿ ಎಂದು ತಲೆಯಾಡಿಸಿ ಮುಂದಿನ ಸೀಟಿಗೆ ಹೋದ.