ಹಲ್ಲು ಮೇಷ್ಟ್ರ ಹತ್ತೊಂಬತ್ತು ಸರ್ಟಿಫಿಕೇಟು

ನಮ್ಮ ಪಶು ಆಸ್ಪತ್ರೆಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಸತ್ತ ಕುರಿಯ ಮೇಲಿನ ಹಲ್ಲಿನ ಗುರುತು ಅಳೆಯುವುದೇ ಕೆಲಸವಾದ್ದರಿಂದ ಎಲ್ಲರಿಗೂ ಅವರು ಹಲ್ಲು ಮೇಷ್ಟ್ರು. ಜೊತೆಗೆ ಹೋಗಿ, ಅವರು ಹೇಳಿದ್ದನ್ನು ಬರೆದುಕೊಂಡು ಬಂದು ಟೈಪ್ ಮಾಡುವುದು ನನ್ನ ಕೆಲಸ. ಹಾಗಾಗಿ ಇದರಲ್ಲಿ ನನ್ನ ಕೈಯೂ ಶುದ್ಧವಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಅವರ ತಂದೆಯ ಕಾಲದಲ್ಲಿ ತೋಳದ ಬಾಲ ತಂದವರಿಗೆ ಸರ್ಕಾರವೇ ಬಹುಮಾನ ಕೊಡುತ್ತಿತ್ತು. ಗುಂಡು, ಬೋನು, ವಿಷ ಹಾಕಿದ ಮಾಂಸ, ಎಲ್ಲ ಸೇರಿ ಗುಡ್ಡದಲ್ಲಿ ಒಂದೂ ಉಳಿಯಲಿಲ್ಲ. ಆಮೇಲೆ ಸರ್ಕಾರಕ್ಕೆ ಜ್ಞಾನೋದಯವಾಗಿ, ತೋಳ ಕೊಂದರೆ ಜೈಲು ಎಂಬ ಕಾನೂನು ಬಂತು. ಕೊಲ್ಲಲು ತೋಳವೇ ಇಲ್ಲದಾಗ ಬಂದ ಕಾನೂನು! ಆದರೂ ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಗಡಿಯಾಚೆಯ ಕಾಡಿನಿಂದ ಒಂದು ಜೋಡಿ ಬಂದು ಮರಿ ಹಾಕಿತು. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಐದು ತೋಳಗಳ ಒಂದು ಗುಂಪು ಗುಡ್ಡದಲ್ಲಿ ನೆಲೆ ನಿಂತಿತ್ತು. ತೋಳ ಕುರಿ ಹಿಡಿದರೆ ಸಾಕಿದವರಿಗೆ ಪರಿಹಾರ. ನಾಯಿ ಹಿಡಿದರೆ ಏನೂ ಇಲ್ಲ.

ಯಾವುದು ಹಿಡಿದದ್ದೆಂದು ಹೇಳುವವರು ಮೇಷ್ಟ್ರು. ಕುತ್ತಿಗೆಯ ಚರ್ಮ ಬಿಡಿಸಿ, ಒಳಗೆ ಹೆಪ್ಪುಗಟ್ಟಿದ ರಕ್ತ ನೋಡಿ, ಕೋರೆಹಲ್ಲಿನ ತೂತುಗಳ ಅಂತರ ಅಳೆಯುತ್ತಿದ್ದರು. ತೋಳ ಗಂಟಲಿಗೇ ಬಾಯಿ ಹಾಕುತ್ತದೆ, ಕೊಂದದ್ದನ್ನು ತಿನ್ನುತ್ತದೆ. ನಾಯಿ ಕಿವಿ, ತೊಡೆ ಎಂದು ಸಿಕ್ಕಸಿಕ್ಕಲ್ಲಿ ಹರಿದು ಬಿಟ್ಟುಹೋಗುತ್ತದೆ. ಎಷ್ಟೋ ವರ್ಷ ಅವರು ಯಾರ ಮುಲಾಜಿಗೂ ಬೀಳದೆ ಇದ್ದದ್ದನ್ನು ಇದ್ದಹಾಗೆ ಬರೆಸಿದರು.

ಎಡವಿದ್ದು ಸ್ವಂತ ತಂಗಿಯ ಅಂಗಳದಲ್ಲಿ. ಗಂಡ ಸತ್ತ ಹೆಂಗಸು, ಇದ್ದ ಒಂಬತ್ತು ಕುರಿಗಳಲ್ಲಿ ಐದು ಸತ್ತು ಬಿದ್ದಿದ್ದವು. ತೊಡೆಗಳೆಲ್ಲ ಚಿಂದಿ.

"ಇದು ನಾಯಿ ಕಣಮ್ಮಾ," ಎಂದರು ಮೇಷ್ಟ್ರು.

"ನಾಯಿ ಅಂತ ಬರೆದ್ರೆ ನಾನೂ ಮಕ್ಕಳೂ ಮಣ್ಣು ತಿನ್ಬೇಕು ಅಣ್ಣಾ. ತೋಳ ಅಂತ ಬರಿ. ಅದೇನು ಆಫೀಸಿಗೆ ಬಂದು ತಕರಾರು ಮಾಡುತ್ತಾ?"

ನನಗೆ ನಗು ಬಂತು. ಆ ನಗುವಿಗೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟಿದೆ. ಮೇಷ್ಟ್ರು ತೋಳ ಎಂದು ಬರೆಸಿದರು.

ತಂಗಿಗೆ ಕೊಟ್ಟ ಮೇಲೆ ಪಕ್ಕದ ಮನೆಯವರಿಗೆ ಯಾವ ಬಾಯಲ್ಲಿ ಇಲ್ಲವೆನ್ನುವುದು? ಆ ವರ್ಷ ತೋಳ ಹಿಡಿದದ್ದೆಂದು ಹತ್ತೊಂಬತ್ತು ಸರ್ಟಿಫಿಕೇಟು ಹೋದವು. ಅವುಗಳಲ್ಲಿ ನಿಜದವು ನಾಲ್ಕೇ. ನಿಜವಾದದ್ದಕ್ಕೆ ಅಳತೆಗಳನ್ನು ಪಟಪಟನೆ ಹೇಳುತ್ತಿದ್ದರು. ಸುಳ್ಳಿಗೆ ಮುಖ ಪಕ್ಕಕ್ಕೆ ತಿರುಗಿಸಿ, "ಹಿಂದಿನದ್ದರ ಥರಾನೇ ಹಾಕಮ್ಮ," ಎನ್ನುತ್ತಿದ್ದರು. ಹಾಕುತ್ತಿದ್ದೆ.

ಅಷ್ಟರಲ್ಲಿ ಕಾನೂನು ಮತ್ತೆ ಮಗ್ಗುಲು ಬದಲಿಸಿತು. ದೇಶದಲ್ಲಿ ತೋಳಗಳು ಸಾಕಷ್ಟಾಗಿವೆಯಂತೆ. ವರ್ಷಕ್ಕೆ ಹನ್ನೆರಡಕ್ಕಿಂತ ಹೆಚ್ಚು ದಾಳಿ ಸಾಬೀತಾದರೆ ಆ ಗುಂಪನ್ನು ಗುಂಡಿಕ್ಕಿ ಕೊಲ್ಲಬಹುದಂತೆ. ವಿಚಾರಣೆಗೆ ದೊಡ್ಡ ಅಧಿಕಾರಿಯೇ ಬಂದರು. ಐದು ಜೀವ ಮೇಷ್ಟ್ರ ಒಂದು ಮಾತಿನ ಮೇಲೆ ನಿಂತಿತ್ತು.

"ಹತ್ತೊಂಬತ್ತೂ ತೋಳ ಹಿಡಿದದ್ದೇ ಅಂತ ನೀವೇ ಕಣ್ಣಾರೆ ನೋಡಿ ಬರೆಸಿದ್ದಾ?"

ಮೇಷ್ಟ್ರು ಹಿಂದೆ ತಿರುಗಿದರು. ಎರಡನೇ ಬೆಂಚಿನಲ್ಲಿ ತಂಗಿ, ಅವಳ ಸುತ್ತ ಪರಿಹಾರ ಪಡೆದವರೆಲ್ಲ. ಸತ್ಯ ಹೇಳಿದರೆ ಅಷ್ಟೂ ಜನ ಸಿಕ್ಕಿಬೀಳುತ್ತಾರೆ, ನಿವೃತ್ತಿಗೆ ಒಂದೇ ವರ್ಷವಿದ್ದ ಇವರ ಕೆಲಸವೂ ಹೋಗುತ್ತದೆ.

"ಹೌದು ಸಾರ್," ಎಂದರು.

ಪಕ್ಕದಲ್ಲೇ ಕೂತಿದ್ದ ನಾನೂ ತುಟಿ ಬಿಚ್ಚಲಿಲ್ಲ. ಹೇಡಿ ನಾನು.

ಹತ್ತು ದಿನಕ್ಕೆ ಐದು ತೋಳಗಳನ್ನೂ ಗುಂಡಿಕ್ಕಿ ತಂದು ಆಸ್ಪತ್ರೆಯ ಹಿತ್ತಿಲಲ್ಲಿ ಟಾರ್ಪಾಲಿನ ಮೇಲೆ ಸಾಲಾಗಿ ಮಲಗಿಸಿದರು. ಹೊಟ್ಟೆ ಕೊಯ್ದು ನೋಡಬೇಕೆಂಬುದು ನಿಯಮ. ಮೇಷ್ಟ್ರೇ ಕೊಯ್ದರು. ಮೊಲದ ಕೂದಲು, ಇಲಿಯ ಎಲುಬು, ಒಂದರಲ್ಲಿ ಕಾಡುಹಂದಿ ಮರಿಯ ಗೊರಸು. ಕುರಿಯ ಉಣ್ಣೆ ಒಂದೆಳೆಯೂ ಇರಲಿಲ್ಲ. ಐದನೆಯದನ್ನು ಮುಗಿಸಿ ಎದ್ದವರು ಮತ್ತೆ ಮೊದಲನೆಯದರ ಹತ್ತಿರ ಹೋಗಿ ಕೂತು, ಅದರ ಹೊಟ್ಟೆಯನ್ನು ಇನ್ನೊಮ್ಮೆ ಹುಡುಕಿದರು.

ಮೂರು ವಾರದ ಮೇಲೆ ತಂಗಿಯ ಮನೆಯಿಂದ ಮತ್ತೆ ಕರೆ ಬಂತು. ಉಳಿದಿದ್ದ ನಾಲ್ಕರಲ್ಲಿ ಎರಡು ಸತ್ತಿದ್ದವು. ಮೇಷ್ಟ್ರು ಕುರಿಗಳ ಹತ್ತಿರ ಹೋಗಲೇ ಇಲ್ಲ. ಬಾಗಿಲಲ್ಲಿ ಮಲಗಿದ್ದ ತಂಗಿಯ ನಾಯಿಯ ಬಾಯಿ ಬಿಡಿಸಿ, ಹಲ್ಲಿನ ಸಂದಿಯಿಂದ ಉಣ್ಣೆ ಎಳೆದು ಅವಳ ಅಂಗೈಗೆ ಹಾಕಿದರು.

"ಆವತ್ತೂ ಇದೇ ನಾಯಿ ಅಂತ ನಿಂಗೆ ಗೊತ್ತಿತ್ತಾ?"

"ತೋಳ ಅಲ್ಲ ಅಂತ ನಿಂಗೂ ಗೊತ್ತಿತ್ತಲ್ಲ ಅಣ್ಣಾ," ಎಂದಳು ತಂಗಿ.

ಆ ಮಧ್ಯಾಹ್ನವೇ ಆಫೀಸಿನಲ್ಲಿ ಕೂತು ಹದಿನೈದು ಸುಳ್ಳನ್ನೂ ಒಂದೊಂದಾಗಿ ಹೇಳಿ ಟೈಪ್ ಮಾಡಿಸಿದರು. ಜನರದ್ದು ತಪ್ಪಿಲ್ಲ, ತಪ್ಪೆಲ್ಲ ನನ್ನದೇ, ಯಾವ ಶಿಕ್ಷೆಗೂ ಸಿದ್ಧ ಎಂದು ಕೊನೆಯಲ್ಲಿ ಸೇರಿಸಿದರು.

"ಈಗ ಕಳಿಸಿ ಏನು ಸಾರ್ ಪ್ರಯೋಜನ?" ಎಂದೆ.

"ಸುಳ್ಳು ಕಳಿಸುವಾಗ ಈ ಪ್ರಶ್ನೆ ಕೇಳ್ಲಿಲ್ವಲ್ಲಮ್ಮ ನೀನು."

ಕಪಾಳಕ್ಕೆ ಹೊಡೆದ ಹಾಗಾಯಿತು. ಅಂಚೆಗೆ ಹಾಕಿ ಬಂದೆ.

ಉತ್ತರ ಬರಲು ಎರಡು ತಿಂಗಳಾಯಿತು. ಅಷ್ಟೂ ದಿನ ಮೇಷ್ಟ್ರು ತಮ್ಮ ಮೇಜಿನ ಸಾಮಾನನ್ನು ಚೀಲಕ್ಕೆ ತುಂಬಿಟ್ಟುಕೊಂಡೇ ಕೆಲಸಕ್ಕೆ ಬರುತ್ತಿದ್ದರು. ಲಕೋಟೆ ಒಡೆಯಲು ಕೈ ಬಾರದೆ ನನ್ನ ಮುಂದೆ ನೂಕಿದರು. ಓದಿದೆ.

"ಸದರಿ ಗುಂಪು ಈಗ ಅಸ್ತಿತ್ವದಲ್ಲಿ ಇಲ್ಲವಾದ್ದರಿಂದ ತಿದ್ದುಪಡಿಯ ಅಗತ್ಯವಿಲ್ಲ. ಪ್ರಕರಣ ಮುಕ್ತಾಯಗೊಳಿಸಲಾಗಿದೆ."

"ನಂಗೇನು ಮಾಡ್ತಾರಂತೆ?"

"ಏನೂ ಇಲ್ಲ ಸಾರ್."

"ಹಿಂದೆ ನೋಡಮ್ಮ. ಏನಾದ್ರೂ ಬರೆದಿರ್ತಾರೆ."

ಹಾಳೆ ತಿರುಗಿಸಿ ತೋರಿಸಿದೆ. ಖಾಲಿ. ಅವರು ಅದನ್ನು ಕೈಗೆ ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸುತ್ತ, ಆಫೀಸು ಮುಚ್ಚುವವರೆಗೂ ನೋಡುತ್ತಲೇ ಇದ್ದರು.