ಮರಕ್ಕೆ ಕಿವಿ ಕೊಟ್ಟವರು

ನಮ್ಮ ತೋಟಕ್ಕೆ ಕಾಯಿ ಕೀಳಲು ಬರುತ್ತಿದ್ದವರನ್ನು ನಾವು ಅಣ್ಣ ಎಂದೇ ಕರೆಯುತ್ತಿದ್ದೆವು. ಅವರ ಎಡಗಿವಿ ಬಲಗಿವಿಯಂತಿರಲಿಲ್ಲ. ತೆಂಗಿನ ಮರಕ್ಕೆ ಒತ್ತಿ ಒತ್ತಿ ಅದರ ಅಂಚು ಜಡ್ಡುಗಟ್ಟಿ ಕಪ್ಪಾಗಿತ್ತು. ಕೆಂಪು ಮೂತಿ ಹುಳು ಒಳಗೊಳಗೇ ತಿರುಳು ತಿನ್ನುವ ಸದ್ದು ಹೊರಗೆ ಕೇಳುತ್ತದೆ ಎನ್ನುತ್ತಿದ್ದರು. ಅವರು ಕಿವಿಯಿಟ್ಟಾಗ ತೋಟದಲ್ಲಿ ಯಾರೂ ಕೆಮ್ಮುವಂತಿರಲಿಲ್ಲ.

ನಾನು ತಿಪಟೂರಿನ ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳುವವಳು. ಅರಿವು ಹುಟ್ಟುವುದು ಬುದ್ಧಿಯಿಂದಲೋ, ಕಣ್ಣು ಕಿವಿಗಳಿಂದಲೋ ಎಂಬ ಪಾಠ ಬಂದರೆ ನಾನು ಬುದ್ಧಿಯ ಪಕ್ಷ. ಕಣ್ಣು ಕಿವಿ ಮೋಸ ಮಾಡುತ್ತವೆ, ಸರಿಯಾದ ಯೋಚನೆ ಮೋಸ ಮಾಡುವುದಿಲ್ಲ ಎಂದು ಮೇಜು ಕುಟ್ಟಿ ಹೇಳುತ್ತಿದ್ದೆ. ಜಂಭವೂ ಸ್ವಲ್ಪ ಇತ್ತೆನ್ನಿ.

ಒಂದು ದಿನ ಬಾವಿ ಪಕ್ಕದ ಮರಕ್ಕೆ ಕಿವಿ ಕೊಟ್ಟ ಅಣ್ಣ ಮಚ್ಚು ಕೆಳಗಿಟ್ಟರು. “ಇದ್ನ ಹತ್ತಲ್ಲ ಕಣ್ರೀ. ಒಳಗೆ ಮೇಯ್ತಾ ಐತೆ.”

“ಗರಿ ಹಸಿರಾಗಿದೆ, ಗೊನೆ ತುಂಬ ಕಾಯಿದೆ. ಒಳಗೆ ಟೊಳ್ಳಾಗಿದ್ದರೆ ಹೀಗಿರುತ್ತಾ?” ಎಂದೆ. ನಾನೂ ಕಿವಿಯಿಟ್ಟು, “ಎಲ್ಲಿದೆ? ಏನೂ ಇಲ್ಲವಲ್ಲ?” ಎನ್ನುತ್ತಲೇ ಇದ್ದೆ.

“ಮೇಡಮ್ಮಾರೇ, ನೀವು ಮಾತಾಡ್ತಾ ಇದ್ರೆ ಹುಳ ಹೆಂಗ್ ಕೇಳಿಸ್ತೈತೆ? ವಸಿ ಬಾಯಿ ಮುಚ್ರೀ.”

ನನಗೆ ಉರಿದುಹೋಯಿತು. “ನೀನೇ ಹತ್ತೋ” ಎಂದು ಜೊತೆಗಿದ್ದ ನನ್ನ ತಮ್ಮನಿಗೆ ಹೇಳಿದೆ. ಮರ ಹತ್ತುವ ಯಂತ್ರ ಕಟ್ಟಿಕೊಂಡು ಅವನು ನಾಲ್ಕು ಹೆಜ್ಜೆ ಮೇಲೇರಿದ್ದ. ಅಣ್ಣ ಓಡಿಬಂದು ಅವನ ಕಾಲು ಹಿಡಿದರು. “ಇಳಿಯಲಾ!” ತಮ್ಮ ಕಾಲು ಝಾಡಿಸಿದ, ಅವರ ತುಟಿ ಒಡೆದು ರಕ್ತ ಬಂತು. “ಬಿಡಿ ಅವನನ್ನು” ಎಂದು ನಾನೂ ಕೂಗಿದೆ. ಅವರು ಬಿಡಲಿಲ್ಲ.

ಅವನು ಇಳಿದ ಮೇಲೆ ಅಣ್ಣ ಮಚ್ಚೆತ್ತಿ ಮರದ ಎದೆಗೆ ಹೊಡೆದರು. ಅಲಗು ಪೂರ್ತಿ ಒಳಗೆ ಹೋಯಿತು. ಎಳೆದಾಗ ಕೊಳೆತ ನಾರಿನ ಜೊತೆ ಹೆಬ್ಬೆರಳು ಗಾತ್ರದ ಹುಳುಗಳು ಉದುರಿದವು. ಅವರು ತುಟಿ ಒರೆಸಿಕೊಂಡು ಪಕ್ಕದ ಮರಕ್ಕೆ ಹೋದರು.

ಹೋದ ವರ್ಷ ಅವರ ಕಿವಿ ಮಂದವಾಯಿತು. ಒಂದು ಮರಕ್ಕೆ ಬಹಳ ಹೊತ್ತು ಒರಗಿ ನಿಂತು ನನ್ನನ್ನು ಕರೆದರು. “ಏನೂ ಕೇಳಿಸ್ತಿಲ್ಲ ತಾಯಿ. ಹುಳ ಇಲ್ವೋ, ನನ್ ಕಿವೀನೇ ಹೋಯ್ತೋ? ಓದ್ದೋರು ನೀವು, ಯೋಚ್ನೆ ಮಾಡಿ ಹೇಳ್ರಿ.” ಅವರ ಮುಖದಲ್ಲಿ ಭಯ ಕಂಡಿದ್ದು ಅದೇ ಮೊದಲು. ಕೇಳಿಸದ ಮಾತ್ರಕ್ಕೆ ಇಲ್ಲವೆನ್ನಲಾಗದು. ತರ್ಕ ಅಲ್ಲಿಯವರೆಗೆ ಬಂದು ನಿಂತಿತು. ಬಾಯಿ ಮುಚ್ಚಿ ಮರಕ್ಕೆ ಕಿವಿಯಿಟ್ಟೆ. ಸಣ್ಣಗೆ ಕರಕರ.

“ಇದೆ ಅಣ್ಣಾ. ಹತ್ತಬೇಡಿ.”

“ಹಂಗಾರೆ ಬುಡಿ” ಎಂದು ಮಚ್ಚು ಕೆಳಗಿಟ್ಟರು. ಆಮೇಲೆ ಅವರು ಯಾವ ಮರವನ್ನೂ ಹತ್ತಲಿಲ್ಲ.

ಈ ವರ್ಷ ಜ್ವರ ಬಂದು ಹೋಗಿಬಿಟ್ಟರು. ಕಂದಿಕೆರೆಯ ಅವರ ಮನೆ ಮುಂದೆ ಮಲಗಿಸಿದ್ದರು. ನನ್ನ ತಮ್ಮ ಅವರ ಕಾಲು ಹಿಡಿದು ಕೂತುಬಿಟ್ಟ. ಎತ್ತುವ ಹೊತ್ತಾಯಿತು, “ಬುಡಪ್ಪ” ಎಂದರು ಜನ. ಅವನು ಬಿಡಲಿಲ್ಲ.