ಅಪ್ಪನಿಗೆ ಕೇಳದ ಜೀರುಂಡೆ

ಸ್ನೇಹಿತರೇ, ಈ ಸಂಜೆ ಪಿರಿಯಾಪಟ್ಟಣದ ನಮ್ಮ ಜಗಲಿಯಲ್ಲಿ ಅಪ್ಪನಿಗೂ ಚಿಕ್ಕಪ್ಪನಿಗೂ ಜಗಳವಾಯಿತು. ಬೇಸಿಗೆ ಮುಗಿಸುವ ಮಳೆ ಬಿದ್ದು ಕಪ್ಪೆಗಳು ಕೂಗುತ್ತಿದ್ದವು. ಅಪ್ಪ ಒಂದೊಂದನ್ನೂ ದನಿಯಿಂದಲೇ ಗುರುತಿಸಿ ನನಗೆ ಹೇಳುತ್ತಿದ್ದರು.

"ನಡುವೆ ಕಿರ್ ಅನ್ನೋದು ಯಾವುದಪ್ಪ?" ಎಂದೆ.

"ಯಾವ್ದೂ ಇಲ್ಲ. ನಿನ್ ಚಿಕ್ಕಪ್ಪ ಹೊಗೆಸೊಪ್ಪಿಗೆ ಔಷಧಿ ಹೊಡ್ದು ಹೊಡ್ದು ಜೀರುಂಡೆನೆಲ್ಲ ಸಾಯಿಸ್ಬುಟ್ಟ. ಮೂರು ವರ್ಷದಿಂದ ಒಂದೂ ಕೂಗಿಲ್ಲ."

"ಏನಣ್ಣ ನೀನು, ಕಿವಿ ತೂತು ಬೀಳೋ ಅಂಗೆ ಕೂಗ್ತಾವಲ್ಲ" ಎಂದರು ಚಿಕ್ಕಪ್ಪ.

"ಸುಳ್ಳು ಯಾಕ್ ಯೋಳ್ತೀಯ ಬುಡ್ಲಾ."

ಜಗಳ ತೀರಲೆಂದು ನಾನು ಆ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ವಾಲ್ಯೂಮ್ ಪೂರ್ತಿ ಏರಿಸಿ ಅಪ್ಪನ ಕಿವಿಗೆ ಹಿಡಿದೆ. ಕಪ್ಪೆ ಕೂಗಿದಾಗ ತಲೆಯಾಡಿಸಿದರು. ಆಮೇಲೆ ಬರೀ ಜೀರುಂಡೆಯ ಸದ್ದು ಬಂತು.

"ನಿಂತೋಯ್ತಲ್ಲ" ಎಂದರು.

ಚಿಕ್ಕಪ್ಪ ತಲೆ ತಗ್ಗಿಸಿದರು. ಅಪ್ಪ ನಮ್ಮಿಬ್ಬರ ಮುಖವನ್ನೂ ನೋಡಿದರು. ಆ ಕೀರಲು ಸದ್ದು ಮಾತ್ರ ತಮ್ಮ ಕಿವಿಗೆ ಬೀಳುತ್ತಿಲ್ಲವೆಂದು ಅವರಿಗೆ ಗೊತ್ತಾಯಿತು.

"ಅಂಗಾದ್ರೆ ಅವು ಸತ್ತಿಲ್ವಾ?"

"ಇಲ್ಲಣ್ಣ."

"ಬದುಕವೆ ತಾನೆ, ಅಷ್ಟೇ ಸಾಕು ಬುಡು" ಎಂದು ಒಳಗೆ ಹೋದರು. ಗೆದ್ದ ಚಿಕ್ಕಪ್ಪ ಕಾಫಿ ಕುಡಿಯದೆ ಎದ್ದು ಹೋದರು.

ಈಗ ಒಳಗೆ ಟಿವಿ ಜೋರಾಗಿ ಕಿರುಚುತ್ತಿದೆ. ಸೌಂಡ್ ಕಡಿಮೆ ಮಾಡಿ ಎಂದು ದಿನಾ ರೇಗುತ್ತಿದ್ದ ನನಗೆ, ಕಿವಿ ಚೆನ್ನಾಗಿಯೇ ಇದ್ದರೂ, ಅದರ ಕಾರಣ ಇಷ್ಟು ದಿನ ಕೇಳಿಸಿರಲಿಲ್ಲ.